ಜೇಬಲ್ಲಿ ಸಾವಿರ, ಕಿವಿಯಲ್ಲಿ ಸೊನ್ನೆ

ಸಂಗೀತದ ವಿಷಯದಲ್ಲಿ ನನ್ನ ಜ್ಞಾನ ಇಷ್ಟೇ: ಪಕ್ಕದವರು ತೊಡೆ ತಟ್ಟಿದಾಗ ನಾನೂ ತಟ್ಟಬೇಕು, ಮುಂದಿನ ಸಾಲಿನವರು ‘ಭೇಷ್’ ಅಂದಮೇಲೆ ತಲೆದೂಗಬೇಕು, ತನಿ ಆವರ್ತನ ಶುರುವಾಯಿತೆಂದರೆ ಕಾಫಿಗೆ ಏಳಬೇಕು. ಮೋಹನಕ್ಕೂ ಕಲ್ಯಾಣಿಗೂ ಏನು ವ್ಯತ್ಯಾಸ ಎಂದು ಯಾರಾದರೂ ಕೇಳಿದರೆ, ಮೋಹನ ನಮ್ಮ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿದ್ದ, ಕಲ್ಯಾಣಿ ಡಿಪಾಸಿಟ್ ವಿಭಾಗದಲ್ಲಿದ್ದಳು ಎಂಬುದಕ್ಕಿಂತ ಹೆಚ್ಚಿನ ಉತ್ತರ ನನ್ನಲ್ಲಿಲ್ಲ. ಆದರೆ ಹಾಡು ನುಡಿಸುವ ಯಂತ್ರಗಳ ಬಗ್ಗೆ ಕೇಳಿ ನೋಡಿ. ಯಾವ ಕಂಪನಿ ಯಾವ ವರ್ಷ ಏನು ಬಿಟ್ಟಿತು, ಎಷ್ಟು ಹಾಡು ಹಿಡಿಯುತ್ತಿತ್ತು, ಯಾವ ಸೆಲ್ ಬೇಕಿತ್ತು, ಯಾರು ಯಾರ ಮೇಲೆ ಕೋರ್ಟಿಗೆ ಹೋದರು, ಎಲ್ಲ ನಾಲಗೆಯ ತುದಿಯಲ್ಲಿದೆ. ಕಿವಿಗೆ ದಕ್ಕದ್ದನ್ನು ಬಾಯಲ್ಲಿ ತೀರಿಸಿಕೊಳ್ಳುವ ಜಾತಿ ನನ್ನದು.

ನನ್ನ ಹೆಂಡತಿ ಪದ್ಮ ಇದಕ್ಕೆ ತದ್ವಿರುದ್ಧ. ಹುಡುಗಿಯಾಗಿದ್ದಾಗ ಕ್ರಮವಾಗಿ ಪಾಠ ಹೇಳಿಸಿಕೊಂಡು, ವರ್ಣ ದಾಟಿ ಕೀರ್ತನೆಗಳ ತನಕ ಬಂದವಳು. ಕುಕ್ಕರ್ ಯಾವ ಶ್ರುತಿಯಲ್ಲಿ ಕೂಗುತ್ತದೋ ಅದೇ ಶ್ರುತಿಯಲ್ಲಿ ಹಾಡು ಎತ್ತಿಕೊಳ್ಳುತ್ತಾಳೆ. ಯಂತ್ರದ ಬಗ್ಗೆ ಮಾತ್ರ ಅವಳ ಬೇಡಿಕೆ ಬಹಳ ಸರಳ. ಗುಂಡಿ ಒತ್ತಿದರೆ ಹಾಡಬೇಕು, ಇನ್ನೊಮ್ಮೆ ಒತ್ತಿದರೆ ಬಾಯಿ ಮುಚ್ಚಬೇಕು. ಇದೇ ಸೌಲಭ್ಯ ಗಂಡನಲ್ಲೂ ಇದ್ದಿದ್ದರೆ ಚೆನ್ನಾಗಿತ್ತು ಎಂದು ಒಂದೆರಡು ಸಲ ಅಂದದ್ದುಂಟು.

ಹೀಗಾಗಿ ನಮ್ಮ ಮನೆಯಲ್ಲಿ ಪದ್ಮ ಗ್ರಾಹಕಿ, ನಾನು ತಜ್ಞ. ಬ್ಯಾಂಕಿನಿಂದ ತಂದ ಉದ್ದನೆಯ ಹಳೇ ಲೆಡ್ಜರೊಂದರಲ್ಲಿ ಕೆಂಪು ಶಾಯಿಯಿಂದ ಗೆರೆ ಎಳೆದು, ಬೆಲೆ, ತೂಕ, ಸೆಲ್ಲಿನ ಆಯಸ್ಸು, ಹಾಡಿನ ಸಂಖ್ಯೆ, ‘ಇತರೆ’ ಎಂದು ಕಾಲಂ ಮಾಡಿ ಪ್ರತಿಯೊಂದು ಯಂತ್ರವನ್ನೂ ಅಳೆದು ತೂಗಿ ಅಂಕ ಕೊಟ್ಟಿದ್ದೇನೆ. ನನ್ನಲ್ಲಿ ಮೊದಲ ರ‍್ಯಾಂಕ್ ಪಡೆದ ಯಾವ ಯಂತ್ರವೂ ಪ್ರಪಂಚದಲ್ಲಿ ಬಾಳಿ ಬದುಕಿದ ದಾಖಲೆಯಿಲ್ಲ. ಕಂಪನಿಗಳಿಗೆ ಈ ವಿಷಯ ಗೊತ್ತಾಗಿದ್ದರೆ ನನ್ನ ಮೆಚ್ಚುಗೆ ತಪ್ಪಿಸಿಕೊಳ್ಳಲು ದುಡ್ಡು ಕೊಡುತ್ತಿದ್ದವೇನೋ.

ಅಪ್ಪನ ಕಾಲದಲ್ಲಿ ಈ ಪೈಪೋಟಿಯ ತಲೆನೋವೇ ಇರಲಿಲ್ಲ. ನಮ್ಮದು ಮೈಸೂರು, 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಬಿತ್ತರಿಸಲು ಶುರುಮಾಡಿದ ಊರು. ಅಪ್ಪನ ಹತ್ತಿರ ಚರ್ಮದ ಅಂಗಿ ತೊಟ್ಟ ಒಂದು ಟ್ರಾನ್ಸಿಸ್ಟರ್ ಇತ್ತು. ಅದರ ಕಿವಿ ಹಿಂಡುವ ಹಕ್ಕು ಅಪ್ಪನಿಗೆ ಮಾತ್ರ. ವಾರ್ತೆ ಕೇಳುವರು, ಕೃಷಿರಂಗ ಕೇಳುವರು (ನಮಗೆ ಒಂದು ಗುಂಟೆ ಜಮೀನೂ ಇರಲಿಲ್ಲ), ಇನ್ನೇನು ಹಾಡು ಬರಬೇಕು ಅನ್ನುವಷ್ಟರಲ್ಲಿ ‘ಸೆಲ್ ಸುಮ್ನೆ ಖರ್ಚಾಗತ್ತೆ’ ಎಂದು ಆರಿಸುವರು. ಏಕಸ್ವಾಮ್ಯ ಅಂದರೇನು ಎಂದು ಆಮೇಲೆ ಅರ್ಥಶಾಸ್ತ್ರದ ಮೇಷ್ಟ್ರು ವಿವರಿಸಿದಾಗ ನನಗೆ ಹೊಸದೇನೂ ಅನ್ನಿಸಲಿಲ್ಲ.

ಈ ಏಕಸ್ವಾಮ್ಯ ಮುರಿದದ್ದು ಜಪಾನಿನವರು. 1979ರ ಜುಲೈ 1ರಂದು ಸೋನಿ ಕಂಪನಿ ವಾಕ್‌ಮನ್ ಬಿಟ್ಟಿತು. ಬೆಲೆ 33,000 ಯೆನ್. ರೆಕಾರ್ಡ್ ಮಾಡಲು ಬಾರದ ಟೇಪನ್ನು ಯಾರು ಕೊಳ್ಳುತ್ತಾರೆ ಎಂದು ಕಂಪನಿಯ ಒಳಗಿನವರೇ ಗೊಣಗಿದ್ದರು. ಮೊದಲ ಕಂತಿನಲ್ಲಿ ತಯಾರಾದ 30,000ದಲ್ಲಿ ಮೊದಲ ತಿಂಗಳು ಖರ್ಚಾದದ್ದು 3,000ದಷ್ಟು ಮಾತ್ರ. ಆಗ ಕಂಪನಿಯ ಹುಡುಗರು ತಾವೇ ಕಿವಿಗೆ ಸಿಕ್ಕಿಸಿಕೊಂಡು ಟೋಕಿಯೋದ ಬೀದಿ ಬೀದಿ ಅಲೆದರು, ಕುತೂಹಲದಿಂದ ನೋಡಿದವರ ಕಿವಿಗೂ ಹಾಕಿ ಕೇಳಿಸಿದರು. ಆಗಸ್ಟ್ ಮುಗಿಯುವುದರೊಳಗೆ ಮಳಿಗೆಗಳು ಖಾಲಿ.

ನನಗೆ ಈ ಕತೆಯಲ್ಲಿ ತುಂಬ ಹಿಡಿಸಿದ್ದು ಕಂಪನಿಯ ಯಜಮಾನ ಅಕಿಯೊ ಮೊರಿಟಾ ಅವರ ಸಂಸಾರ. ಯಂತ್ರವನ್ನು ಮನೆಗೆ ಒಯ್ದು ಒಬ್ಬರೇ ಕಿವಿಗೆ ಹಾಕಿಕೊಂಡು ಕುಳಿತರಂತೆ. ಹೆಂಡತಿಗೆ ಸಿಟ್ಟು ಬಂತು. ಆ ಸಿಟ್ಟಿನ ಫಲವಾಗಿ ಮೊದಲ ವಾಕ್‌ಮನ್ನಿಗೆ ಹೆಡ್‌ಫೋನಿನ ತೂತು ಒಂದಲ್ಲ, ಎರಡು. ಜೊತೆಗೊಂದು ಕಿತ್ತಳೆ ಬಣ್ಣದ ಗುಂಡಿ. ಒತ್ತಿದರೆ ಹಾಡು ತಗ್ಗಿ, ಎದುರಿನವರ ಮಾತು ಮೈಕಿನ ಮೂಲಕ ಕಿವಿಗೆ ಬರುವುದು. ಅಷ್ಟು ದೊಡ್ಡ ಕಂಪನಿಯ ಯಜಮಾನನೂ ಮನೆಯ ಗ್ರಾಹಕಿಗೆ ಹೆದರಿ ಯಂತ್ರದ ನಕ್ಷೆಯನ್ನೇ ಬದಲಿಸಿದ್ದು ನನ್ನಂಥವರಿಗೆ ಎಷ್ಟು ಸಮಾಧಾನ ಕೊಡುತ್ತದೆ ಗೊತ್ತೆ? ಆದರೆ ಕೊಂಡವರಿಗೆ ಆ ಎರಡನೇ ತೂತು ಬೇಕಾಗಲಿಲ್ಲ. ‘ಇದು ನನ್ನದು, ನಾನೇ ಕೇಳುತ್ತೇನೆ’ ಅಂದರು. ಮುಂದಿನ ಮಾದರಿಗಳಲ್ಲಿ ಆ ತೂತು ಮುಚ್ಚಿಹೋಯಿತು.

ನಮ್ಮ ಮನೆಗೆ ಬಂದದ್ದು ಈ ಮುಚ್ಚಿದ ತೂತಿನ ಕಾಲದ್ದು, ಅದೂ ಬೇರೆ ಯಾವುದೋ ಕಂಪನಿಯದು. ಆಗ ಯಾರು ಮಾಡಿದರೂ ವಾಕ್‌ಮನ್ನೇ. ಮದುವೆಯಾದ ಹೊಸತರಲ್ಲಿ ದುಬೈನಿಂದ ಬಂದ ಭಾವಮೈದ ರಘು ತಂದುಕೊಟ್ಟ. ಭಾನುವಾರ ಬೆಳಿಗ್ಗೆ ಅದನ್ನು ಸೊಂಟಕ್ಕೆ ಸಿಕ್ಕಿಸಿ, ಕಿವಿಗೆ ಹಳದಿ ಸ್ಪಾಂಜು ಒತ್ತಿಕೊಂಡು, ವರಾಂಡದ ಈಸಿಚೇರಿನಲ್ಲಿ ಕಣ್ಣು ಮುಚ್ಚಿ ಒರಗಿ ತೊಡೆಯ ಮೇಲೆ ತಾಳ ಹಾಕುತ್ತಿದ್ದೆ. ಪದ್ಮ ಅಡುಗೆಮನೆಯಿಂದ, ‘ರೀ, ಗ್ಯಾಸ್ ಮುಗೀತು, ಸಿಲಿಂಡರ್ ಬದಲಾಯಿಸ್ಬೇಕು’ ಅಂದಳು. ತಾಳ ಮುಂದುವರಿಯಿತು. ‘ರೀ’ ಎಂಬುದು ಎರಡನೆಯ ಕಾಲಕ್ಕೆ, ಆಮೇಲೆ ಮೂರನೆಯ ಕಾಲಕ್ಕೆ ಏರಿತು. ಎದುರುಮನೆಯವರು ಕಾಂಪೌಂಡಿನ ಹತ್ತಿರ ಬಂದು ‘ನಮ್ಮನೆ ಹುಡುಗನ್ನ ಕಳಿಸ್ಲಾ?’ ಎಂದು ಕೇಳಿದರು. ಗ್ಯಾಸ್ ಮುಗಿದದ್ದು ಸರಸ್ವತಿಪುರಂನ ಆ ಇಡೀ ಸಾಲಿಗೆ ಗೊತ್ತಾಗಿತ್ತು, ನನಗೊಬ್ಬನಿಗೇ ಇಲ್ಲ. ಕೊನೆಗೆ ಪದ್ಮ ಸೌಟು ಸಮೇತ ಬಂದು ಹೆಡ್‌ಫೋನ್ ಎಳೆದು ತನ್ನ ಕಿವಿಗೆ ಇಟ್ಟುಕೊಂಡಳು. ಒಂದು ಗಳಿಗೆ ಸುಮ್ಮನೆ ನಿಂತಳು. ಆಮೇಲೆ ಯಂತ್ರದ ಬಾಗಿಲು ತೆರೆದು ನೋಡಿದಳು.

‘ಇದರಲ್ಲಿ ಕ್ಯಾಸೆಟ್ಟೇ ಇಲ್ಲವಲ್ರೀ!’

ಗ್ರಾಹಕನಿಗೆ ನಿಜವಾಗಿ ಬೇಕಾದದ್ದು ಏನು ಎಂಬ ಬಗ್ಗೆ ಮಾರುಕಟ್ಟೆ ಪಂಡಿತರು ದಪ್ಪ ದಪ್ಪ ಪುಸ್ತಕ ಬರೆದಿದ್ದಾರೆ. ನನ್ನ ಬೇಡಿಕೆಯನ್ನು ನಮ್ಮ ವರಾಂಡದಲ್ಲಿ ಅರ್ಧ ನಿಮಿಷದಲ್ಲಿ ಪತ್ತೆಹಚ್ಚಲಾಯಿತು. ಆವತ್ತಿನಿಂದ ವಾಕ್‌ಮನ್ ಪದ್ಮಳ ವಶವಾಯಿತು.

ಅವಳು ಅದನ್ನು ಚೆನ್ನಾಗಿ ಬಳಸಿದಳು ಅನ್ನಿ. ಅದು ಕ್ಯಾಸೆಟ್ಟಿನ ಸುಗ್ಗಿ. ಎಚ್‌ಎಂವಿಯ ದೊಡ್ಡಸ್ತಿಕೆಯನ್ನು ಟಿ-ಸೀರೀಸ್ ಅಗ್ಗದ ಕ್ಯಾಸೆಟ್ಟುಗಳಿಂದ ಮುರಿದಿತ್ತು. ಕನ್ನಡದಲ್ಲಿ ಸಂಗೀತಾ, ಲಹರಿ ಇದ್ದವು. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರ ಭಾವಗೀತೆಗಳು ಪಾತ್ರೆ ತೊಳೆಯುವ ಕಲ್ಲಿನ ತನಕ ಬಂದಿದ್ದವು. ಖಾಲಿ ಕ್ಯಾಸೆಟ್ಟೂ ಹಾಡಿನ ಪಟ್ಟಿಯೂ ಕೊಟ್ಟರೆ ಎರಡು ದಿನದಲ್ಲಿ ತುಂಬಿಸಿಕೊಡುವ ಅಂಗಡಿಗಳಿದ್ದವು. ಪಟ್ಟಿ ಪದ್ಮಳದು. ಖಾಲಿ ಕ್ಯಾಸೆಟ್ಟು ಅರವತ್ತು ನಿಮಿಷದ್ದೋ ತೊಂಬತ್ತು ನಿಮಿಷದ್ದೋ ಎಂಬ ಸಂಶೋಧನೆ ನನ್ನದು. ತೊಂಬತ್ತರದ್ದರಲ್ಲಿ ನಿಮಿಷಕ್ಕೆ ಬೀಳುವ ಬೆಲೆ ಕಡಿಮೆ ಎಂದು ಲೆಡ್ಜರಿನಲ್ಲಿ ಸಾಧಿಸಿ ಅದನ್ನೇ ತಂದೆ. ತೊಂಬತ್ತರ ಟೇಪು ತೆಳು. ಮೂರನೆಯ ಹಾಡಿಗೇ ಯಂತ್ರದ ಹಲ್ಲಿಗೆ ಸಿಕ್ಕಿ ಶಾವಿಗೆಯಾಗಿ ಹೊರಬಂತು. ಉಳಿದ ಭಾನುವಾರವೆಲ್ಲ ಮೂಲೆಯಲ್ಲಿ ಕೂತು ಪೆನ್ಸಿಲ್ ತೂರಿಸಿ ಸುತ್ತಿದೆ. ಸಂಗೀತ ಸೇವೆ ಅಂತ ನಾನು ಜೀವನದಲ್ಲಿ ಮಾಡಿದ್ದರೆ ಅದೇ.

ಮುಂದಿನ ಯುಗಕ್ಕೆ ಬರೋಣ. 1998ರಲ್ಲಿ ಅಮೆರಿಕದಲ್ಲಿ ಡೈಮಂಡ್ ಕಂಪನಿಯ ರಿಯೋ ಎಂಬ ಎಂಪಿ3 ಯಂತ್ರ ಬಂತು. ಒಟ್ಟು ಜಾಗ 32 ಎಂಬಿ, ಹೆಚ್ಚುಕಡಿಮೆ ಅರ್ಧ ಗಂಟೆಯ ಹಾಡು, ಒಂದೇ ಒಂದು ಪೆನ್ಸಿಲ್ ಸೆಲ್. ಇಷ್ಟಕ್ಕೇ ಅಲ್ಲಿನ ರೆಕಾರ್ಡ್ ಕಂಪನಿಗಳ ಸಂಘ ಬೆಚ್ಚಿಬಿದ್ದು ಕೋರ್ಟಿಗೆ ಓಡಿತು. 1999ರಲ್ಲಿ ಕೋರ್ಟು ಯಂತ್ರದ ಪರ ನಿಂತಿತು, ಹೆಬ್ಬಾಗಿಲು ತೆರೆಯಿತು. ಸಿಂಗಪುರದ ಕ್ರಿಯೇಟಿವ್ ಕಂಪನಿ 2000ದಲ್ಲಿ 6 ಜಿಬಿಯ ನೋಮಾಡ್ ಜೂಕ್‌ಬಾಕ್ಸ್ ತಂದಿತು. ನಾನು ಮಾರುಹೋದೆ. ಕೊಳ್ಳಲಿಲ್ಲ, ಬೆಲೆ ನೋಡಿ ದೂರದಿಂದಲೇ ಅಂಕ ಕೊಟ್ಟೆ. 2001ರ ಅಕ್ಟೋಬರ್ 23ರಂದು ಸ್ಟೀವ್ ಜಾಬ್ಸ್ ಜೀನ್ಸ್ ಜೇಬಿನಿಂದ ಐಪಾಡ್ ತೆಗೆದು, ಜೇಬಿನಲ್ಲಿ ಸಾವಿರ ಹಾಡು ಎಂದು ಸಾರಿದಾಗ ನನಗೆ ನಗು ಬಂತು. 5 ಜಿಬಿ! ಕ್ರಿಯೇಟಿವ್‌ಗಿಂತ ಒಂದು ಜಿಬಿ ಕಡಿಮೆ. ಬೆಲೆ 399 ಡಾಲರ್. ಆಪಲ್ ಕಂಪ್ಯೂಟರ್ ಇಲ್ಲದವನಿಗೆ ಪ್ರಯೋಜನವೇ ಇಲ್ಲ. ಎಫ್ಎಂ ಇಲ್ಲ, ರೆಕಾರ್ಡಿಂಗ್ ಇಲ್ಲ, ಸೆಲ್ ತೆಗೆದು ಬದಲಿಸುವಂತಿಲ್ಲ. ಕೆಂಪು ಶಾಯಿಯಲ್ಲಿ ‘ಆರು ತಿಂಗಳೂ ಬಾಳದು’ ಎಂದು ಷರಾ ಬರೆದೆ. ಪಕ್ಕದಲ್ಲಿ ಸಹಿಯನ್ನೂ ಹಾಕಿದೆ, ಬ್ಯಾಂಕಿನ ಅಭ್ಯಾಸ.

ಅದಾಗಿ ಕೆಲವು ವರ್ಷಕ್ಕೆ ರಘು ದುಬೈ ಬಿಟ್ಟು ಕ್ಯಾಲಿಫೋರ್ನಿಯಾ ಸೇರಿದ್ದ. ರಜೆಗೆ ಬಂದವನು ಅಕ್ಕನಿಗೆ ಬಿಳೀ ಐಪಾಡ್ ತಂದ. ಈ ರಘು ಯಾವುದನ್ನೂ ಅಳೆದು ತೂಗಿ ಕೊಂಡವನಲ್ಲ. ಅಂಗಡಿಯಲ್ಲಿ ಹೆಚ್ಚು ಜನ ಯಾವುದರ ಮುಂದೆ ನಿಂತಿರುತ್ತಾರೋ ಅದನ್ನು ಎತ್ತಿಕೊಂಡು ಬರುತ್ತಾನೆ. ಅವನು ತಂದದ್ದೆಲ್ಲ ಕೆಲಸ ಮಾಡುತ್ತದೆ. ಸೃಷ್ಟಿಯಲ್ಲಿ ನ್ಯಾಯ ಎಂಬುದಿದ್ದರೆ ಹೀಗಾಗಬಾರದು.

‘ಭಾವ, ಮ್ಯಾನ್ಯುಅಲ್ ಬೇಕಾ?’ ಎಂದ.

‘ನನಗೆ ಬೇಡಪ್ಪ, ನನಗೆಲ್ಲ ಗೊತ್ತಿದೆ’ ಎಂದು ಅದನ್ನು ಕೈಗೆತ್ತಿಕೊಂಡು, ಮುಂದಿನ ಬಿಳೀ ಚಕ್ರವನ್ನು ಎಲ್ಲ ಕಡೆಯಿಂದ ಒತ್ತಿದೆ. ಅದು ಅಲ್ಲಾಡಲಿಲ್ಲ. ಹಿಂಬದಿಯ ಕನ್ನಡಿಯಂಥ ಲೋಹದಲ್ಲಿ ನನ್ನ ಮುಖ ಮಾತ್ರ ಕಂಡಿತು. ಪದ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬಂದಳು, ಹೆಬ್ಬೆರಳಿಟ್ಟು ಬೀಸುಕಲ್ಲು ತಿರುಗಿಸುವ ಹಾಗೆ ನಯವಾಗಿ ಒಂದು ಸುತ್ತು ಸುತ್ತಿದಳು. ಹೆಸರುಗಳು ಸರಸರ ಸರಿದವು. ನಡುವೆ ಒತ್ತಿದಳು. ಹಾಡಿತು.

‘ಎಷ್ಟು ಜಿಬಿ ಇದು?’ ಎಂದೆ, ಮಾನ ಉಳಿಸಿಕೊಳ್ಳಲು.

‘ಅದೇನೋ ನಂಗೊತ್ತಿಲ್ಲ, ಬಾಲಮುರಳಿ ಇದಾರೆ’ ಎಂದಳು.

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಮೂಲೆಯಲ್ಲಿ ನಿಂತು ಕ್ರಿಯೇಟಿವ್ ಪರ ವಕಾಲತ್ತು ಮುಂದುವರಿಸಿದೆ. 2006ರಲ್ಲಿ ಆ ಕಂಪನಿ, ಹಾಡಿನ ಪಟ್ಟಿ ತೋರಿಸುವ ವಿಧಾನ ನಮ್ಮದು, ಪೇಟೆಂಟ್ ನಮ್ಮದು ಎಂದು ಆಪಲ್ ಮೇಲೆ ದಾವೆ ಹೂಡಿತು. ಕೆಲವೇ ತಿಂಗಳಲ್ಲಿ ಆಪಲ್ 10 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಆವತ್ತು ನಾನು ಬ್ಯಾಂಕಿನಲ್ಲಿ ಎಲ್ಲರಿಗೂ ಮೈಸೂರುಪಾಕು ಹಂಚಿದೆ. ಕಲ್ಯಾಣಿ, ‘ಏನ್ಸಾರ್, ಮಗಳಿಗೆ ಗಂಡು ಗೊತ್ತಾಯ್ತಾ?’ ಎಂದಳು. ಸಿಂಗಪುರದ ಜಯ ಎಂದು ವಿವರಿಸಿದೆ. ಅವಳು ಇನ್ನೊಂದು ತುಂಡು ತೆಗೆದುಕೊಂಡಳು. ಸಂಜೆ ಮಗಳು ಪೂರ್ತಿ ಸುದ್ದಿ ಓದಿ ಹೇಳಿದಳು: ಗೆದ್ದ ಕಂಪನಿ ಆ ರಾಜಿಯ ಜೊತೆಗೇ, ಐಪಾಡಿಗೆ ಬೇಕಾದ ಬಿಡಿಸಾಮಾನು ಮಾಡಿ ಮಾರುವ ಯೋಜನೆಗೂ ಸೇರಿಕೊಂಡಿದೆ. ಮೈಸೂರುಪಾಕಿನ ಡಬ್ಬಿಯಲ್ಲಿ ಉಳಿದಿದ್ದನ್ನು ನಾನೇ ತಿಂದೆ.

ಸೋನಿಯ ಗತಿ ಇನ್ನೂ ವಿಚಿತ್ರ. ನಡೆದಾಡುವ ಸಂಗೀತವನ್ನು ಜಗತ್ತಿಗೆ ಕಲಿಸಿದವರು ಎರಡನೇ ಸುತ್ತಿನಲ್ಲಿ ಯಾಕೆ ಮುಗ್ಗರಿಸಿದರು? 1988ರಲ್ಲಿ ಅವರು ಸಿಬಿಎಸ್ ರೆಕಾರ್ಡ್ಸ್ ಎಂಬ ಹಾಡಿನ ಕಂಪನಿಯನ್ನೂ ಕೊಂಡಿದ್ದರು. ಯಂತ್ರ ಮಾರುವವರಿಗೆ ಹಾಡು ಎಲ್ಲರ ಕೈಗೂ ಸಲೀಸಾಗಿ ಹರಿದಾಡಬೇಕು. ಹಾಡು ಮಾರುವವರಿಗೆ ಅದಕ್ಕೆ ಬೀಗ ಬೀಳಬೇಕು. ಇಬ್ಬರೂ ಒಂದೇ ಸೂರಿನಡಿ. ಹಾಗಾಗಿ ಅವರ ಡಿಜಿಟಲ್ ಯಂತ್ರಗಳಿಗೆ ಎಂಪಿ3 ಹಾಡನ್ನು ನೇರ ಹಾಕುವಂತಿರಲಿಲ್ಲ. ಅಟ್ರ್ಯಾಕ್ ಎಂಬ ಅವರದೇ ಬಗೆಗೆ ಪರಿವರ್ತಿಸಿ ಹಾಕಬೇಕಿತ್ತು. 2004ರ ಕೊನೆಗೆ ಅವರು ಸಡಿಲ ಬಿಡುವಷ್ಟರಲ್ಲಿ ಜನ ಬಿಳೀ ತಂತಿ ಕಿವಿಗೆ ಸಿಕ್ಕಿಸಿಕೊಂಡು ಮುಂದಕ್ಕೆ ಹೋಗಿಯಾಗಿತ್ತು. ಅಟ್ರ್ಯಾಕಿಗೆ ನಾನು ಹತ್ತಕ್ಕೆ ಒಂಬತ್ತು ಅಂಕ ಕೊಟ್ಟಿದ್ದೆ ಎಂಬುದನ್ನು ಇಲ್ಲಿ ಹೇಳಲೇಬೇಕೇ? ಲೆಡ್ಜರ್ ಹೇಗೂ ಪದ್ಮಳ ಕೈಗೆ ಸಿಗುವಂತೆಯೇ ಇದೆ.

ಆಮೇಲೆ ಬಂತು ಮೈಕ್ರೋಸಾಫ್ಟಿನ ಝೂನ್, 2006ರ ನವೆಂಬರಿನಲ್ಲಿ. ಕಂದು ಬಣ್ಣದ್ದೂ ಒಂದಿತ್ತು. ಐಪಾಡಿನಲ್ಲಿಲ್ಲದ ಎಫ್ಎಂ ಇತ್ತು, ದೊಡ್ಡ ಪರದೆ ಇತ್ತು, ಒಂದು ಝೂನ್‌ನಿಂದ ಇನ್ನೊಂದಕ್ಕೆ ತಂತಿಯಿಲ್ಲದೆ ಹಾಡು ಕಳಿಸಬಹುದಿತ್ತು. ಕಳಿಸಿದ ಹಾಡನ್ನು ಮೂರೇ ಸಲ ಕೇಳಬಹುದು, ಮೂರು ದಿನದಲ್ಲಿ ಅದು ಕೆಟ್ಟುಹೋಗುತ್ತದೆ. ‘ನಮ್ಮನೆ ಹುಳಿ ಇದಕ್ಕಿಂತ ಹೆಚ್ಚು ದಿನ ಇರತ್ತೆ’ ಎಂದಳು ಪದ್ಮ. ಅಲ್ಲದೆ ಹಾಡು ಕಳಿಸಬೇಕಾದರೆ ಝೂನ್ ಇರುವ ಇನ್ನೊಬ್ಬ ಮನುಷ್ಯ ಸಿಗಬೇಕಿತ್ತಲ್ಲ. 2008ರ ಡಿಸೆಂಬರ್ 31ರಂದು 30 ಜಿಬಿಯ ಝೂನ್‌ಗಳೆಲ್ಲ ಒಟ್ಟಿಗೆ ಸ್ತಬ್ಧವಾದವು. ಅದು ಅಧಿಕ ವರ್ಷ. ವರ್ಷಕ್ಕೆ 366ನೇ ದಿನ ಒಂದಿರಬಹುದೆಂಬುದು ಅದರೊಳಗಿನ ಗಡಿಯಾರಕ್ಕೆ ತಿಳಿದಿರಲಿಲ್ಲ. ಬ್ಯಾಟರಿ ಪೂರ್ತಿ ಇಳಿಯಲು ಬಿಟ್ಟು ಮಾರನೆಯ ದಿನ ಮತ್ತೆ ಶುರುಮಾಡಿ ಎಂಬುದೇ ಕಂಪನಿ ಹೇಳಿದ ಪರಿಹಾರ. ನಮ್ಮ ಒಂಟಿಕೊಪ್ಪಲಿನ ಪಂಚಾಂಗದವರು ಅಧಿಕ ಮಾಸ, ಕ್ಷಯ ತಿಥಿಗಳನ್ನೆಲ್ಲ ವರ್ಷ ವರ್ಷವೂ ತಪ್ಪದೆ ಲೆಕ್ಕ ಹಾಕುತ್ತಾರೆ. ಒಂದು ಪ್ರತಿ ತರಿಸಿಕೊಂಡಿದ್ದರೆ ಇಷ್ಟು ಅವಮಾನ ತಪ್ಪುತ್ತಿತ್ತು. 2011ರಲ್ಲಿ ಝೂನ್ ಯಂತ್ರಕ್ಕೆ ಎಳ್ಳುನೀರು ಬಿಟ್ಟರು.

ಇಷ್ಟೆಲ್ಲ ಓದಿದವನು ಕೊನೆಗೆ ಸ್ವಂತ ದುಡ್ಡಿನಲ್ಲಿ ಕೊಂಡದ್ದೇನು? ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಹೆಸರೇ ಇಲ್ಲದ ಒಂದು ಚೀನೀ ಎಂಪಿ4. ನನ್ನ ಲೆಡ್ಜರಿನ ಪ್ರತಿ ಕಾಲಮ್ಮಿಗೂ ‘ಹೌದು’ ಎಂದ ಏಕೈಕ ಯಂತ್ರ ಅದು. ಎಫ್ಎಂ ಉಂಟು, ರೆಕಾರ್ಡಿಂಗ್ ಉಂಟು, ಚಿತ್ರ ನೋಡಬಹುದು, ಪುಸ್ತಕ ಓದಬಹುದು, ಇಟ್ಟಿಗೆ ಜೋಡಿಸುವ ಆಟ ಆಡಬಹುದು, ಹಿಂದೆ ಟಾರ್ಚು. ಅಂಗಡಿಯ ಹುಡುಗ, ‘ಅಂಕಲ್, ಇದ್ರಲ್ಲಿ ಇಲ್ಲ ಅನ್ನೋದೇ ಇಲ್ಲ’ ಎಂದ. ಮೈಸೂರಿಗೆ ಬರುವ ರೈಲಿನಲ್ಲಿ ಮದ್ದೂರು ಬರುವಷ್ಟರಲ್ಲಿ ಎಲ್ಲೋ ಏನೋ ಒತ್ತಿ ಅದರ ಭಾಷೆಯನ್ನು ಚೀನೀಗೆ ಬದಲಿಸಿಬಿಟ್ಟೆ. ವಾಪಸು ತರಬೇಕಾದರೆ ಭಾಷೆ ಬದಲಿಸುವ ಜಾಗ ಎಲ್ಲಿದೆಯೆಂದು ಗೊತ್ತಾಗಬೇಕು. ಅದು ಚೀನೀಯಲ್ಲಿ ಬರೆದಿದೆ. ಪಕ್ಕದಲ್ಲಿ ಕೂತಿದ್ದವರು ಮದ್ದೂರುವಡೆ ಮುರಿಯುತ್ತ, ‘ಸ್ವಾಮಿ, ಚೈನೀಸ್ ಕಲೀತಿದೀರಾ?’ ಎಂದು ಗೌರವದಿಂದ ಕೇಳಿದರು. ಹೌದೆಂದೆ.

ಆಮೇಲೆ ಅದನ್ನು ಬಳಸಿದ್ದು ಬಾಯಿಪಾಠದ ಬಲದಿಂದ. ಮೇಲಿನಿಂದ ಮೂರನೆಯದು, ಬಲಕ್ಕೆ ಒಂದು, ಕೆಳಗೆ ನಾಲ್ಕು, ಒತ್ತು: ಹಾಡು. ಒಂದು ಹೆಚ್ಚು ಒತ್ತಿದರೆ ಟಾರ್ಚು. ರಾತ್ರಿ ಕತ್ತಲಲ್ಲಿ ಭಾವಗೀತೆ ಹುಡುಕಲು ಹೋಗಿ ಪದ್ಮಳ ಕಣ್ಣಿಗೆ ಬೆಳಕು ಬಿಟ್ಟಾಗ ಆಕೆ ಆಡಿದ ಮಾತು ಯಾವ ಭಾಷೆಯ ಮೆನುವಿನಲ್ಲೂ ಇರಲಿಕ್ಕಿಲ್ಲ.

ಆದರೂ ನನ್ನ ಕಡೆ ಒಂದು ನ್ಯಾಯವಿತ್ತು. ಐಪಾಡ್ ಗೆದ್ದದ್ದು ಯಂತ್ರದಿಂದಷ್ಟೇ ಅಲ್ಲ, 2003ರಲ್ಲಿ ಅಮೆರಿಕದಲ್ಲಿ ತೆರೆದ ಐಟ್ಯೂನ್ಸ್ ಅಂಗಡಿಯಿಂದ. ಒಂದು ಹಾಡಿಗೆ 99 ಸೆಂಟ್ ಕೊಟ್ಟರೆ ಮನೆಯಲ್ಲಿ ಕೂತಲ್ಲೇ ಬಂತು. ಆ ಅಂಗಡಿ ನಮ್ಮ ದೇಶದಲ್ಲಿ ಬಾಗಿಲು ತೆರೆದದ್ದು 2012ರ ಡಿಸೆಂಬರಿನಲ್ಲಿ. ಅಷ್ಟು ವರ್ಷ ಇಲ್ಲಿ ಐಪಾಡ್ ಇದ್ದವರೂ ಚೀನೀ ಡಬ್ಬಿ ಇದ್ದವರೂ ಹಾಡಿಗಾಗಿ ಒಂದೇ ಫುಟ್‌ಪಾತಿನಲ್ಲಿ ಬಗ್ಗಿ ನಿಂತು, ಒಂದೇ ರಾಶಿಯಿಂದ ಎಂಪಿ3 ಸಿ.ಡಿ. ಆರಿಸುತ್ತಿದ್ದರು. ಸಮಾನತೆ ಎಂದರೆ ಅದು. ಬೆಂಗಳೂರಿನ ಫ್ಲಿಪ್‌ಕಾರ್ಟ್ 2012ರ ಫೆಬ್ರುವರಿಯಲ್ಲಿ ಫ್ಲೈಟ್ ಎಂಬ ಹಾಡಿನ ಅಂಗಡಿ ತೆರೆದು 2013ರ ಜೂನಿನಲ್ಲಿ ಮುಚ್ಚಿತು. ಅಷ್ಟು ಹೊತ್ತಿಗೆ ಮೊಬೈಲ್ ರೀಚಾರ್ಜ್ ಅಂಗಡಿಯ ಹುಡುಗರು ಮೆಮೊರಿ ಕಾರ್ಡಿಗೆ ನೋಟೊಂದರ ಲೆಕ್ಕದಲ್ಲಿ ಹಾಡು ತುಂಬಿಸಿಕೊಡುತ್ತಿದ್ದರು. ನಮ್ಮ ಹಳೇ ಕ್ಯಾಸೆಟ್ ಅಂಗಡಿಯವನ ಮೊಮ್ಮಕ್ಕಳೇ ಇರಬೇಕು. ‘ಅಂಕಲ್, ಯಾವ ಹಾಡು ಬೇಕು?’ ಎಂದು ಕೇಳುವ ಪದ್ಧತಿಯೂ ಇರಲಿಲ್ಲ. ಮುಖ ನೋಡಿ ತುಂಬಿಸುತ್ತಿದ್ದರು. ನನ್ನ ಮುಖಕ್ಕೆ ಪೂರ್ತಿ ಭಕ್ತಿಗೀತೆ ಬಿತ್ತು.

ಮೊಬೈಲ್ ಬಂದಮೇಲೆ ಪೈಪೋಟಿಯ ಕತೆ ಬೇಗ ಮುಗಿಯಿತು. ಆಪಲ್‌ನವರು 2008ರ ಆರ್ಥಿಕ ವರ್ಷದಲ್ಲಿ ಸುಮಾರು 5.5 ಕೋಟಿ ಐಪಾಡ್ ಮಾರಿದ್ದರು. ಅದರ ಹಿಂದಿನ ವರ್ಷ ತಾವೇ ಬಿಟ್ಟ ಐಫೋನೇ ಅದನ್ನು ನುಂಗಿತು. ಯಾವ ಎದುರಾಳಿಯೂ ಮಾಡಲಾಗದ್ದನ್ನು ಮನೆಯವರೇ ಮಾಡಿದರು. 2022ರ ಮೇನಲ್ಲಿ ಐಪಾಡ್ ನಿಲ್ಲಿಸಿರುವುದಾಗಿ ಪ್ರಕಟಿಸಿದಾಗ ನಾನು ಲೆಡ್ಜರ್ ತೆಗೆದು, ‘ಆರು ತಿಂಗಳೂ ಬಾಳದು’ ಎಂಬ ನನ್ನ ಷರಾವನ್ನು ಪದ್ಮಳಿಗೆ ತೋರಿಸಿದೆ. ‘ನೋಡು, ಹೇಳಿದ್ದೆ.’ ಅವಳು ಬೆರಳು ಮಡಿಸಿ ಲೆಕ್ಕ ಹಾಕತೊಡಗಿದ್ದರಿಂದ ಲೆಡ್ಜರ್ ಮುಚ್ಚಿದೆ.

ಇಷ್ಟು ಹೊತ್ತೂ ಒಬ್ಬ ಗ್ರಾಹಕಿಯನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಕಂಪನಿಗಳೂ ತೆಗೆದುಕೊಂಡಿರಲಿಲ್ಲ. ನಮ್ಮ ಅಮ್ಮ. ಜಗತ್ತು ಜೇಬಿನಲ್ಲಿ ಸಾವಿರ ಹಾಡು ಎಂದು ಕುಣಿಯುತ್ತಿದ್ದಾಗ ಅಮ್ಮನಿಗೆ ಬೇಕಾಗಿದ್ದದ್ದು ಒಂದೇ ಹಾಡು, ಸಾವಿರ ಸಲ. ಬೆಳಿಗ್ಗೆ ಐದಕ್ಕೆ ಎಂ.ಎಸ್. ಸುಬ್ಬುಲಕ್ಷ್ಮಿಯವರ ದನಿಯಲ್ಲಿ ವಿಷ್ಣು ಸಹಸ್ರನಾಮ, ಅದು ಮುಗಿದಮೇಲೆ ಮತ್ತೆ ಅದೇ. ಸಾವಿರ ಹೆಸರು ಅದರೊಳಗೇ ಇದೆಯಲ್ಲ, ಇನ್ನು ಸಾವಿರ ಹಾಡು ಯಾಕೆ ಎಂಬುದು ಅಮ್ಮನ ವಾದ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮಗಳು ಅಜ್ಜಿಯ ಹುಟ್ಟುಹಬ್ಬಕ್ಕೆ ಕಾರವಾನ್ ತಂದುಕೊಟ್ಟಳು. ಹಳೇ ಎಚ್‌ಎಂವಿಯ ಈಗಿನ ಅವತಾರವಾದ ಸರೆಗಮ ಕಂಪನಿ 2017ರಲ್ಲಿ ಬಿಟ್ಟದ್ದು. ನೋಡಲು ಅಪ್ಪನ ಟ್ರಾನ್ಸಿಸ್ಟರಿನ ದಾಯಾದಿ, ಒಳಗೆ ಮೊದಲೇ ತುಂಬಿಸಿಟ್ಟ 5,000 ಹಾಡು, ಇಂಟರ್ನೆಟ್ ಬೇಡ. ಎಲ್ಲರೂ ಫೋನಿನ ಹಿಂದೆ ಬಿದ್ದಾಗ ಅಪ್ಪ ಅಮ್ಮಂದಿರ ಕಿವಿಯೂ ಒಂದು ಮಾರುಕಟ್ಟೆ ಎಂದು ಕಂಡುಕೊಂಡ ಜಾಣತನಕ್ಕೆ ನಾನು ಒಂಬತ್ತು ಅಂಕ ಕೊಟ್ಟೆ. ಕೊಟ್ಟಮೇಲೆ ಕಂಪನಿಗಾಗಿ ಸ್ವಲ್ಪ ಕಳವಳವೂ ಆಯಿತು.

‘ಐದು ಸಾವಿರ ಹಾಡಾ?’ ಎಂದರು ಅಮ್ಮ. ‘ನಂಗೆ ಎಂಬತ್ತು ದಾಟ್ತು ಕಣೇ. ಯಾವಾಗ ಕೇಳಿ ಮುಗಿಸ್ಲಿ? ಅರ್ಧಕ್ಕೆ ಬಿಟ್ಟು ಹೋದ್ರೆ ಅದೊಂದು ಕೊರಗು.’

ಅದನ್ನು ಹಾಲಿನಲ್ಲಿಟ್ಟರು, ಬಂದವರಿಗೆ ತೋರಿಸಲು. ಅಮ್ಮನಿಗೆ ಸರಿಹೋದದ್ದು ದೇವಸ್ಥಾನದ ಬೀದಿಯಲ್ಲಿ ಪದ್ಮ ಕೊಂಡುತಂದ ಮಂತ್ರದ ಡಬ್ಬಿ. ಸಾಬೂನಿನಷ್ಟು ಗಾತ್ರ, ಗೋಡೆಯ ಪ್ಲಗ್ಗಿಗೆ ನೇರ ಸಿಕ್ಕಿಸುವುದು. ಪರದೆ ಇಲ್ಲ, ಪಟ್ಟಿ ಇಲ್ಲ, ಚಕ್ರ ಇಲ್ಲ. ಸ್ವಿಚ್ ಹಾಕಿದರೆ ಹೇಳತೊಡಗುತ್ತದೆ, ತೆಗೆಯುವ ತನಕ ಹೇಳುತ್ತದೆ, ಕರೆಂಟು ಹೋಗಿ ಬಂದರೆ ತಾನಾಗಿಯೇ ಮೊದಲಿನಿಂದ ಹೇಳುತ್ತದೆ. ಆಪಲ್‌ನವರು 2005ರಲ್ಲಿ ಪರದೆಯಿಲ್ಲದ ಐಪಾಡ್ ಶಫಲ್ ತಂದು ಭಾರೀ ಕ್ರಾಂತಿ ಎಂದು ಸಾರಿದ್ದರು. ಅದರಲ್ಲೂ ಹಾಡು ದಾಟಿಸುವ ಗುಂಡಿ ಇತ್ತು. ಅಮ್ಮನ ಡಬ್ಬಿಯಲ್ಲಿ ದಾಟುವ ಪ್ರಶ್ನೆಯೇ ಇಲ್ಲ. ಅದೇ 2005ರಲ್ಲಿ ಬೀಜಿಂಗಿನ ಎಫ್ಎಂ3 ಎಂಬ ಜೋಡಿ, ಅಲ್ಲಿನ ಗುಡಿಗಳ ಇಂಥದ್ದೇ ಜಪದ ಪೆಟ್ಟಿಗೆ ನೋಡಿ, ಒಂಬತ್ತು ತುಣುಕು ಸಂಗೀತವನ್ನೇ ಮತ್ತೆ ಮತ್ತೆ ನುಡಿಸುವ ‘ಬುದ್ಧ ಮೆಷಿನ್’ ಮಾಡಿ ಪಾಶ್ಚಾತ್ಯ ರಸಿಕರಿಗೆ ಕಲೆಯೆಂದು ಮಾರಿದರು. ಅಮ್ಮನಿಗೆ ಇದನ್ನು ಓದಿ ಹೇಳಿದೆ. ‘ಒಂಬತ್ತು ಯಾಕಂತೆ?’ ಎಂದರು.

ಲೆಡ್ಜರಿನಲ್ಲಿ ಮಂತ್ರದ ಡಬ್ಬಿಯನ್ನು ಹೇಗೆ ಸೇರಿಸಬೇಕೆಂದು ನನಗೆ ಇನ್ನೂ ಹೊಳೆದಿಲ್ಲ. ಎಲ್ಲ ಕಾಲಮ್ಮಿನಲ್ಲೂ ‘ಇಲ್ಲ’. ಆದರೆ ನಮ್ಮ ಮನೆಯಲ್ಲಿ ಈಗ ಹಾಡುತ್ತಿರುವುದು ಅದೊಂದೇ. ಉಳಿದವೆಲ್ಲ ಮೇಜಿನ ಡ್ರಾಯರಿನಲ್ಲಿ, ಒಂದರ ತಂತಿ ಇನ್ನೊಂದರ ಕುತ್ತಿಗೆಗೆ ಸುತ್ತಿಕೊಂಡು ಮಲಗಿವೆ.

ಈಚೆಗೆ ನನ್ನ ಕಿವಿಯೇ ಮುಷ್ಕರ ಹೂಡಿದೆ. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಪದ್ಮ ಕರೆದುಕೊಂಡು ಹೋದಳು. ಗಾಜಿನ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದರು. ಹೆಡ್‌ಫೋನ್ ಎಷ್ಟು ಓಮ್ಸಿನದು ಎಂದು ನಾನು ವಿಚಾರಿಸುತ್ತಿದ್ದಾಗ ಒಂದಷ್ಟು ಸದ್ದು ಬಂದು ಹೋಗಿರಬೇಕು. ಫಲಿತಾಂಶ ಬಂತು: ಯಂತ್ರ ಬೇಕು. ನನ್ನ ಮುಖ ಅರಳಿದ್ದನ್ನು ಕಂಡು ಅಲ್ಲಿನ ಹುಡುಗಿಗೆ ಆಶ್ಚರ್ಯ.

ಯಾಕೆ ಅರಳಬಾರದು? ಶ್ರವಣಯಂತ್ರಕ್ಕೇ ಈಗ ಬ್ಲೂಟೂತ್ ಬಂದಿದೆ, ಹಾಡನ್ನೂ ಕೇಳಬಹುದು. ಅತ್ತ 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ಎಫ್‌ಡಿಎ, ಆಪಲ್‌ನ ಏರ್‌ಪಾಡ್ಸ್ ಪ್ರೊ ಇಯರ್‌ಫೋನನ್ನು ಅಲ್ಪಸ್ವಲ್ಪ ಕಿವಿಮಂದ ಇರುವ ವಯಸ್ಕರು ಶ್ರವಣಯಂತ್ರವಾಗಿ ಬಳಸಲು ಅನುವಾಗುವ ತಂತ್ರಾಂಶಕ್ಕೆ ಒಪ್ಪಿಗೆ ಕೊಟ್ಟಿದೆ. ಹಾಡಿನ ಯಂತ್ರ ಕಿವಿಯ ಯಂತ್ರವಾಗುತ್ತಿದೆ, ಕಿವಿಯ ಯಂತ್ರ ಹಾಡಿನ ಯಂತ್ರವಾಗುತ್ತಿದೆ. ಹೊಸ ಪೈಪೋಟಿ! ಮನೆಗೆ ಬಂದವನೇ ಲೆಡ್ಜರಿನ ಹೊಸ ಹಾಳೆಗೆ ಗೆರೆ ಎಳೆದು ಮೂರು ಕಂಪನಿಗಳನ್ನು ಪೈಪೋಟಿಗೆ ನಿಲ್ಲಿಸಿದೆ. ಬೆಲೆ, ತೂಕ, ಬ್ಯಾಟರಿ, ಬ್ಲೂಟೂತ್.

ಪದ್ಮ ಹೆಗಲ ಮೇಲಿಂದ ಬಗ್ಗಿ ನೋಡಿದಳು. ‘ಎಲ್ಲಕ್ಕಿಂತ ಮುಂಚೆ, ಅಡುಗೆಮನೆಯಿಂದ ಕರೆದರೆ ಕೇಳುತ್ತಾ, ಅಂತ ಒಂದು ಕಾಲಂ ಹಾಕಿ.’

ಹಾಕಿದೆ. ಒಳಕೋಣೆಯಿಂದ ಅಮ್ಮನ ದನಿ ಬಂತು. ನನಗೆ ಕೇಳಿಸಲಿಲ್ಲ, ಪದ್ಮ ಕಿವಿಯ ಹತ್ತಿರ ಬಂದು ಪುನಃ ಹೇಳಿದಳು: ‘ಅದಕ್ಕೆ ಆಫ್ ಮಾಡೋ ಗುಂಡಿ ಇದೆಯಾ ಅಂತ ಕೇಳ್ತಿದಾರೆ.’

‘ಇದೆಯಲ್ಲ! ಮೂರು ಕಂಪನಿಯದಕ್ಕೂ ಇದೆ’ ಎಂದೆ, ಹೆಮ್ಮೆಯಿಂದ.

‘ಹಾಗಾದ್ರೆ ಮೂರೂ ಬೇಡ’ ಎಂದು ಪೆನ್ನು ಕಿತ್ತುಕೊಂಡಳು.